ಹುಳ ಹಣ್ಣಾದ ದಿನ ಹದಿನೈದನೆಯ ಸೀಟು

ಗಣಿತದಲ್ಲಿ ಎಂಎಸ್ಸಿ ಮಾಡಿದವರು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ "ಏನು ಓದಿದ್ದೀಯವ್ವ?" ಎಂದು ಕೇಳುತ್ತಾರೆ. ನಾವು ಹೇಳುತ್ತೇವೆ. ಕೇಳಿದವರ ಮುಖದಲ್ಲಿ ಮೊದಲು ಗೌರವ, ಆಮೇಲೆ ಭಯ, ಕೊನೆಗೆ ಒಂದು ಥರದ ಕನಿಕರ. ಅಲ್ಲಿಂದ ಶುರು.

ನಾನು ರಾಮನಗರದ ಒಂದು ಕಾಲೇಜಿನಲ್ಲಿ ಎಂಎಸ್ಸಿ ತರಗತಿಗೆ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಊರು ಮಾಗಡಿ ಕಡೆ. ಓದಿದ್ದೂ ಇದೇ ಕಾಲೇಜಿನಲ್ಲಿ, ಇದೇ ಕೊಠಡಿಯಲ್ಲಿ, ಕಿಟಕಿ ಪಕ್ಕದ ಇದೇ ಬೆಂಚಿನಲ್ಲಿ. ಆಗ ಪಾಠ ಹೇಳಿದವರೇ ಈಗ ನಮ್ಮ ವಿಭಾಗದ ಮುಖ್ಯಸ್ಥರು. ಎಲ್ಲರೂ ಅವರನ್ನು ಹೆಡ್ಡು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಕನಕಪುರದವರು. ಗಣಿತ ಅಂದರೆ ಊಟ ಬಿಡುತ್ತಾರೆ. ಯಾರು ಏನು ಕೇಳಿದರೂ "ಮೊದಲು ವ್ಯಾಖ್ಯೆ ಹೇಳಿ" ಎನ್ನುವುದು ಅವರ ಚಾಳಿ. ಕಾಫಿ ಕುಡಿಯುತ್ತೀರಾ ಎಂದು ಕೇಳಿದವರಿಗೂ ಇದೇ ಉತ್ತರ ಸಿಕ್ಕಿದ್ದುಂಟು.

ಈ ವರ್ಷ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದು ಹೇಳಿಬಿಟ್ಟರು: "ಮೊದಲ ವರ್ಷಕ್ಕೆ ಹದಿನೈದು ಜನ ಸೇರಬೇಕು. ಸೇರಲಿಲ್ಲ ಅಂದರೆ ಈ ಸಲ ತರಗತಿ ಇಲ್ಲ."

ಆಗ ನಮ್ಮ ಹತ್ತಿರ ಇದ್ದವರು ಒಂಬತ್ತು ಜನ. ತರಗತಿ ನಿಂತರೆ ನನ್ನ ಕೆಲಸವೂ ನಿಲ್ಲುತ್ತದೆ, ಅದು ಸರಿ. ಆದರೆ ನನಗೆ ಸಂಕಟವಾದದ್ದು ಬೇರೆಯದಕ್ಕೆ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಿಕೊಂಡು ಓದುವ ನಮ್ಮ ನಾಲ್ಕು ತಾಲ್ಲೂಕಿನ ಹುಡುಗಿಯರು ಡಿಗ್ರಿಗೇ ನಿಂತುಬಿಡುತ್ತಾರೆ. ನಾನೂ ಹಾಗೆ ಓಡಾಡಿಯೇ ಓದಿದವಳು. ಸರಿ, ಹೆಡ್ಡು ತಮ್ಮ ಹಳೆಯ ಕಾರು ತೆಗೆದರು, ನಾನು ಪಕ್ಕದಲ್ಲಿ ಕೂತೆ, ವಿದ್ಯಾರ್ಥಿಗಳ ಬೇಟೆಗೆ ಹೊರಟೆವು.

ಪುಟದ ಮೂಲೆ

ಬೇಟೆಯ ಕಥೆಗೆ ಮೊದಲು ನನ್ನದೇ ಒಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿ ನಕ್ಕಳು ಅಂತೀರಿ.

ನಾನು ಎಂಎಸ್ಸಿ ಸೇರಿದ ಹೊಸತು. ನಮ್ಮ ದೊಡ್ಡಪ್ಪ ಜಗಲಿಯ ಮೇಲೆ ಕೂತು ನನ್ನ ಪುಸ್ತಕ ತೆಗೆದರು. ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ತಿರುವಿದರು.

"ಮಗಾ, ಇದ್ಯಾವ ಬುಕ್ಕು?"

"ಲೆಕ್ಕದ್ದು ದೊಡ್ಡಪ್ಪ."

"ಲೆಕ್ಕ ಎಲ್ಲೈತೆ ಇದ್ರಲ್ಲಿ? ಬರೀ ಇಂಗ್ಲಿಷ್ ಕತೆ ಐತೆ. ಅದೂ ನೆಟ್ಗಿಲ್ಲ. ಇಲ್ಲಿ ನೋಡು, ಎ ತಲೆಕೆಳಗಾಗಿ ಬಿದ್ದೈತೆ. ಇಲ್ಲಿ ಇ ಬೆನ್ನು ತಿರುಗಿಸ್ಕಂಡು ನಿಂತೈತೆ. ಪ್ರಿಂಟ್ ಮಾಡ್ದೋನು ಕುಡಿದಿದ್ದ ಅಂತ ಕಾಣ್ತದೆ."

ಅವು ತಪ್ಪಲ್ಲ, 'ಎಲ್ಲಕ್ಕೂ', 'ಒಂದಾದರೂ ಇದೆ' ಎನ್ನುವುದಕ್ಕೆ ಹಾಗೆ ಬರೆಯುತ್ತಾರೆ ಎಂದು ಹೇಳಿದೆ. ನಂಬಲಿಲ್ಲ. ಹುಡುಗಿ ಮೋಸ ಹೋಗಿದ್ದಾಳೆ ಎಂದು ತೀರ್ಮಾನಿಸಿ, ಮಾರನೆಯ ದಿನ ಒಗೆದ ಪಂಚೆ ಉಟ್ಟು ನನ್ನ ಜೊತೆಗೇ ಬಸ್ಸು ಹತ್ತಿ ಕಾಲೇಜಿಗೆ ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸಾ, ನಮ್ ಹುಡ್ಗೀಗೆ ಲೆಕ್ಕದ ಬುಕ್ಕು ಅಂತ ಬೇರೆ ಯಾವ್ದೋ ಕೊಟ್ಬುಟ್ಟವ್ರೆ. ಒಸಿ ಬದಲಾಯ್ಸಿ ಕೊಡಿ" ಎಂದರು ಹೆಡ್ಡಿಗೆ.

ಬೇರೆಯವರಾಗಿದ್ದರೆ ನಗುತ್ತಿದ್ದರು. ಹೆಡ್ಡಿಗೆ ಖುಷಿಯೋ ಖುಷಿ, ಕುರ್ಚಿ ಎಳೆದು ಕೂರಿಸಿದರು. "ಯಜಮಾನ್ರೇ, ಲೆಕ್ಕದಲ್ಲಿ ಮೇಲಕ್ಕೆ ಹೋದ ಹಾಗೆ ಅಂಕಿ ಕಡಿಮೆಯಾಗುತ್ತೆ. ಸ್ಕೂಲಲ್ಲಿ ತುಂಬಾ ಇರುತ್ತೆ. ಡಿಗ್ರೀಲಿ ಅಲ್ಲೊಂದು ಇಲ್ಲೊಂದು. ಎಂಎಸ್ಸೀಲಿ ಇಲ್ಲವೇ ಇಲ್ಲ ಅನ್ನಿ."

ದೊಡ್ಡಪ್ಪ ಕನ್ನಡಕ ಏರಿಸಿಕೊಂಡರು. ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. "ಇಲ್ಲಿ ಮೂಲೇಲಿ ಹಾಕವ್ರಲ್ಲ ಅಂಕಿ?"

"ಅದು ಪುಟದ ನಂಬರು."

"ಓಹೋ. ಪಿಎಚ್‌ಡಿಲಿ ಅದ್ನೂ ತೆಗೆದ್ಬುಡ್ತಾರಾ?"

ಕೆಲಸ ಅಂದರೆ ಏನು

ನಮ್ಮ ಮೊದಲ ಬೇಟೆ ಕನಕಪುರದ ಒಂದು ಡಿಗ್ರಿ ಕಾಲೇಜಿನಲ್ಲಿ. ಕೊನೆಯ ವರ್ಷದ ಬಿಎಸ್ಸಿ ಮಕ್ಕಳು ಕೊಠಡಿ ತುಂಬ ಕೂತಿದ್ದರು. ದಾರಿಯುದ್ದಕ್ಕೂ ನಾನು ಹೆಡ್ಡಿಗೆ ಹೇಳಿಕೊಟ್ಟಿದ್ದು ಒಂದೇ ಮಾತು: "ಸಾರ್, ಕೆಲಸದ ಬಗ್ಗೆ ಮಾತಾಡಿ. ಕೆಲಸದ ಬಗ್ಗೆ ಮಾತ್ರ." ಅವರೂ ಆಯಿತು ಎಂದಿದ್ದರು.

ಮುಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸಾರ್, ಎಂಎಸ್ಸಿ ಮ್ಯಾಥ್ಸ್ ಮಾಡಿದ್ರೆ ಒಳ್ಳೇ ಕೆಲಸ ಸಿಗುತ್ತಾ?"

"ಒಳ್ಳೆಯ ಪ್ರಶ್ನೆ!" ಎಂದರು ಹೆಡ್ಡು. ನನಗೆ ಜೀವ ಬಂತು. "ಆದರೆ ಒಳ್ಳೆಯ ಕೆಲಸ ಅಂದರೆ ಏನು? ಮೊದಲು ವ್ಯಾಖ್ಯೆ." ಬಂದ ಜೀವ ಹೋಯಿತು.

ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿಯೇ ಬಿಟ್ಟರು. "ಕ ಎಂಬುದು ಒಳ್ಳೆಯ ಕೆಲಸಗಳ ಗಣ ಆಗಿರಲಿ. ಇದು ಖಾಲಿ ಗಣ ಅಲ್ಲ ಎಂದು ಮೊದಲು ಸಾಧಿಸೋಣ." ಬರೆದರು, ಅಳಿಸಿದರು, ಮತ್ತೆ ಬರೆದರು. ಬೋರ್ಡು ತುಂಬಿತು. ಅವರ ಮುಖ ಕೆಂಪೇರಿತು, ಕಣ್ಣು ಹೊಳೆಯಿತು, ಅಂಗಿಯೆಲ್ಲ ಸುಣ್ಣವಾಯಿತು. ಬೆಲ್ಲು ಹೊಡೆದಾಗ ಸಾಧನೆ ಅರ್ಧಕ್ಕೆ ಬಂದಿತ್ತು.

ಅದೇ ಹುಡುಗ ಅಳುವ ದನಿಯಲ್ಲಿ ಕೇಳಿದ: "ಅಂದ್ರೆ ಸಾರ್, ಕೆಲಸ ಐತೋ ಇಲ್ವೋ ಇನ್ನೂ ಗೊತ್ತಾಗಿಲ್ವಾ?"

ನಾನು ಓಡಿಹೋಗಿ ಮುಂದೆ ನಿಂತೆ. ಹೇಳಿದೆ ನೋಡಿ, ಒಂದೇ ಉಸಿರಿನಲ್ಲಿ! ನೀವು ಫೋನಿನಲ್ಲಿ ದುಡ್ಡು ಕಳಿಸುವಾಗ ಕಳ್ಳರು ನಡುವೆ ಕೈ ಹಾಕದ ಹಾಗೆ ಬೀಗ ಹಾಕುವುದು ಗಣಿತ. ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವುದರ ಹಿಂದೆ ಗಣಿತ. ಯಾವ ರಸ್ತೆಯಲ್ಲಿ ಹೋದರೆ ಬೇಗ ತಲುಪುತ್ತೀರಿ ಎಂದು ಮ್ಯಾಪು ಹೇಳುತ್ತದಲ್ಲ, ಅದೂ ಗಣಿತ. ಕಾಲೇಜಿನಲ್ಲಿ ಪಾಠ ಮಾಡಬಹುದು, ಸಂಶೋಧನೆಗೆ ಹೋಗಬಹುದು, ವಿಮೆ, ಬ್ಯಾಂಕು, ರಾಶಿ ರಾಶಿ ಮಾಹಿತಿಯನ್ನು ಸೋಸಿ ನೋಡುವ ಕೆಲಸ, ಎಲ್ಲಿ ಬೇಕಾದರೂ ನಮ್ಮವರಿದ್ದಾರೆ. ಹೇಳುತ್ತಾ ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ನಾನೇ ಇನ್ನೊಂದು ಸಲ ಎಂಎಸ್ಸಿ ಸೇರಿಬಿಡೋಣ ಅನ್ನಿಸಿತು.

ಮೂರು ಜನ ಸೇರಿದರು. ಒಂಬತ್ತು ಹನ್ನೆರಡಾಯಿತು.

ಕಾರಿನಲ್ಲಿ ಹೆಡ್ಡು ನಿಟ್ಟುಸಿರು ಬಿಟ್ಟರು. "ನೋಡಿದ್ರಾ ಮೇಡಂ, ಅರ್ಧ ಸಾಧನೆಗೇ ಮೂರು ಜನ. ಬೆಲ್ಲು ಹೊಡೆಯದೇ ಇದ್ದಿದ್ರೆ ಇಡೀ ಕ್ಲಾಸೇ ಬರ್ತಿತ್ತು."

ಕಣ್ಣು ಹೊಡೆಯುವ ಷರತ್ತು

ಆವತ್ತೇ ನಾನು ನಿರ್ಧಾರ ಮಾಡಿದೆ. ಇನ್ನು ಮುಂದೆ ಹೆಡ್ಡು ಬಾಯಿ ಬಿಡುವುದು ಬೇಡ. ನಮ್ಮಲ್ಲಿ ಓದಿ ಕೆಲಸದಲ್ಲಿರುವವರನ್ನೇ ಮುಂದೆ ನಿಲ್ಲಿಸೋಣ.

ಕೆಂಪಾಪುರದ ಒಬ್ಬ ಹುಡುಗಿ ನಮ್ಮ ಹಳೆಯ ವಿದ್ಯಾರ್ಥಿನಿ. ಎಂಎಸ್ಸಿ ಆದಮೇಲೆ ಇನ್ನೂ ಏನೇನೋ ಪರೀಕ್ಷೆ ಬರೆದು ವಿಮಾ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಯಾವ ವಯಸ್ಸಿನವರು ಸರಾಸರಿ ಇನ್ನೆಷ್ಟು ವರ್ಷ ಬದುಕಬಹುದು ಎಂದು ಅಂದಾಜು ಮಾಡುವುದು ಅವಳ ಕೆಲಸ. ಭಾನುವಾರ ಊರಿಗೆ ಬಂದಿದ್ದವಳನ್ನು ಅರಳಿಕಟ್ಟೆಯ ಮೇಲೆ ನಿಲ್ಲಿಸಿ, ಸುತ್ತಮುತ್ತಲ ಹುಡುಗ ಹುಡುಗಿಯರನ್ನು ಕರೆಸಿದೆವು. ಪಾಪ, ಅವಳು ತುಂಬ ಚೆನ್ನಾಗಿ ಹೇಳಿದಳು. ಹಿಂದೆ ನಿಂತಿದ್ದವರೊಬ್ಬರಿಗೆ ಸರಿಯಾಗಿ ಕೇಳಿಸಲಿಲ್ಲ. ಅವರ ಮುಂದಿದ್ದವರು ತಿರುಗಿ ಚಿಕ್ಕದಾಗಿ ಹೇಳಿದರು: "ಯಾರು ಯಾವಾಗ ಹೋಯ್ತಾರೆ ಅಂತ ಕಂಡ್‌ಹಿಡಿಯೋ ಓದಂತೆ ಕಣ್ಲಾ!"

ಅಷ್ಟೇ. ಐದೇ ನಿಮಿಷದಲ್ಲಿ ಊರಿನ ಮುದುಕರೆಲ್ಲ ಕಟ್ಟೆಯ ಸುತ್ತ. ಹುಡುಗರಿಗೆ ನಿಲ್ಲಲು ಜಾಗವಿಲ್ಲ.

ಒಬ್ಬ ಅಜ್ಜ ಎಲ್ಲರನ್ನೂ ತಳ್ಳಿಕೊಂಡು ಬಂದು ಅಂಗೈ ಚಾಚಿದರು. "ನಂದು ನೋಡವ್ವ."

"ಅಜ್ಜಾ, ನಾವು ಕೈ ನೋಡಲ್ಲ. ವಯಸ್ಸು ನೋಡ್ತೀವಿ. ಗಂಡಸಾ ಹೆಂಗಸಾ ನೋಡ್ತೀವಿ. ಸಾಮಾನ್ಯವಾಗಿ ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕ್ತಾರೆ."

ಅಜ್ಜನ ಹಿಂದೆಯೇ ಅವರ ಹೆಂಡತಿ ನಿಂತಿದ್ದರು. ಎಲೆ ಅಡಿಕೆ ಆ ಕಡೆ ಉಗಿದು ಬಂದು, "ಕೇಳುಸ್ಕಂಡ್ರಾ? ಮೂರೊತ್ತೂ ನಾನ್ ಮೊದ್ಲು ಹೋಯ್ತೀನಿ, ನೀನ್ ಮೊದ್ಲು ಹೋಯ್ತೀಯ ಅಂತ ಜಗಳ ಆಡ್ತಿದ್ರಲ್ಲ. ಓದ್ದೋಳೇ ಹೇಳ್ಬುಟ್ಲು" ಎಂದರು.

ಅಜ್ಜ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಅದ್ ಬುಡು. ನಂದೊಂದು ಹೇಳು."

"ಒಬ್ಬೊಬ್ಬರದು ಹೇಳಕ್ಕಾಗಲ್ಲ ಅಜ್ಜಾ. ಹತ್ತು ಸಾವಿರ ಜನ ಇದ್ರೆ, ಅದರಲ್ಲಿ ಎಷ್ಟು ಜನ ಅಂತ ಮಾತ್ರ ಹೇಳಬಹುದು."

ಅಜ್ಜ ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದರು. "ಅಷ್ಟೇ ತಾನೆ? ಇಡೀ ಹೋಬ್ಳೀನೇ ಕರ್ಕ ಬತ್ತೀನಿ. ಎಲ್ರದ್ದೂ ಒಟ್ಗೆ ಹೇಳ್ತಾ ಹೋಗು. ನನ್ ಸರದಿ ಬಂದಾಗ ಒಸಿ ಕಣ್ಣು ಹೊಡೆದ್ಬುಡವ್ವ, ಸಾಕು."

ಆ ಗದ್ದಲದಲ್ಲೂ ಒಬ್ಬ ಹುಡುಗಿ ಬಂದು ಹೆಸರು ಕೊಟ್ಟಳು. ಆ ಅಜ್ಜನ ಮೊಮ್ಮಗಳು. ಮನೆಯಲ್ಲೇ ಒಬ್ಬರು ಆ ವಿದ್ಯೆ ಕಲಿತಿರಲಿ ಎಂದು ಅಜ್ಜನೇ ಕಳಿಸಿದ್ದು.

ಉಳಿದ ಹತ್ತು

ಇದು ಚಿಕ್ಕದು. ಕನಕಪುರದ ಆಚೆ ಕಾಡಂಚಿನ ಊರಿನವನೊಬ್ಬ, ಅವನೂ ನಮ್ಮ ಹಳೆಯ ವಿದ್ಯಾರ್ಥಿಯೇ. ಆನೆಗಳು ಯಾವ ಕಡೆ ಓಡಾಡುತ್ತವೆ ಎಂಬ ಮಾಹಿತಿ ಇಟ್ಟುಕೊಂಡು, ಇವತ್ತು ಯಾವ ಊರಿನ ಕಡೆ ಬರಬಹುದು ಎಂದು ಅಂದಾಜು ಮಾಡುವ ತಂಡದಲ್ಲಿದ್ದಾನೆ. ಆ ಕೆಲಸ ನೆನೆಸಿಕೊಂಡರೆ ನನಗೆ ಈಗಲೂ ರೋಮಾಂಚನ. ನಾನು ಕಲಿಸಿದ ಸಂಭವನೀಯತೆಯ ಪಾಠ ಆನೆಯ ಹಿಂದೆ ಕಾಡಿಗೆ ಹೋಗಿದೆ!

ಅವನನ್ನು ಅವನ ಊರಿನಲ್ಲೇ ಮಾತಾಡಿಸೋಣ ಎಂದು ಹೋದೆವು. ಹೋದರೆ ಬಾಳೆ ತೋಟ ನೆಲಸಮ. ಆನೆ ಅವನ ಅಪ್ಪನ ತೋಟಕ್ಕೇ ಬಂದು ಹೋಗಿತ್ತು. ಅಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಏನ್ಲಾ, ಬರಾಕಿಲ್ಲ ಅಂದಿದ್ದೆ?"

"ಅಪ್ಪ, ನೂರಕ್ಕೆ ತೊಂಬತ್ತು ಪಾಲು ಬರಲ್ಲ ಅಂದಿದ್ದೆ. ಹತ್ತು ಪಾಲು ಬರಬಹುದು ಅಂತಾನೇ ಇತ್ತು."

"ಆ ಹತ್ತನ್ನ ಆನೆಗ್ಯಾಕ್ಲಾ ಹೇಳ್ದೆ?"

ಆ ಊರಿನಿಂದ ಯಾರೂ ಸೇರಲಿಲ್ಲ.

ಏನು ಬೇಕಾದರೂ

ಹದಿನಾಲ್ಕನೆಯವನು ಮಾಗಡಿ ಕಡೆಯ ಹುಡುಗ. ಸಾವನದುರ್ಗದ ಬೆಟ್ಟ ಕಾಣುವ ಹೊಲದಲ್ಲಿ ಅವನ ತಂದೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. ಮಗನಿಗೆ ಓದುವ ಆಸೆ. ತಂದೆಗೆ ಓದಿಸುವ ಶಕ್ತಿಯೂ ಇತ್ತು, ಮನಸ್ಸೂ ಇತ್ತು, ಜೊತೆಗೆ ಒಂದು ಪ್ರಶ್ನೆಯೂ ಇತ್ತು.

"ಸಾ, ಡಾಕ್ಟ್ರು ಓದಿದ್ರೆ ಡಾಕ್ಟ್ರಾಯ್ತಾನೆ. ಲಾಯ್ರು ಓದಿದ್ರೆ ಲಾಯ್ರಾಯ್ತಾನೆ. ಲೆಕ್ಕ ಓದಿದ್ರೆ ಏನಾಯ್ತಾನೆ?"

ನಾನು ಹೆಡ್ಡಿನ ಕಾಲು ತುಳಿಯುವಷ್ಟರಲ್ಲಿ ಅವರು ಉತ್ತರ ಕೊಟ್ಟಾಗಿತ್ತು. "ಏನು ಬೇಕಾದರೂ ಆಗಬಹುದು!"

ತಂದೆ ಕುಡುಗೋಲು ಕೆಳಗಿಟ್ಟರು. ನಾನು ನಡುವೆ ಬಾಯಿ ಹಾಕಿ ವಿಮೆ, ಬ್ಯಾಂಕು, ಮಳೆ, ಆನೆ, ಎಲ್ಲವನ್ನೂ ಹೇಳಿದೆ. ಬಾಳೆ ತೋಟದ ಸುದ್ದಿ ಮಾತ್ರ ಎತ್ತಲಿಲ್ಲ. ಅವರು ಸಮಾಧಾನವಾಗಿ ಕೇಳಿ ಕೊನೆಗೆ ಹೇಳಿದರು: "ಆಯ್ತು ಮೇಡಂ, ಸೇರಿಸ್ಕಳಿ. ಆದ್ರೆ ಎತ್ತು ಹಿಡಿಯೋ ಮುಂಚೆ ಹಲ್ಲು ನೋಡೋರು ನಾವು. ಕೊನೇ ದಿನ ಕಾಲೇಜಿಗೆ ನಾನೇ ಬತ್ತೀನಿ. ಎಲ್ಲಾ ನೋಡ್ತೀನಿ. ಸರಿ ಕಾಣ್ನಿಲ್ಲ ಅಂದ್ರೆ ಅಲ್ಲೇ ಸೀಟು ಬುಡ್ಸಿ ಕರ್ಕಂಡ್ ಬತ್ತೀನಿ. ಬ್ಯಾಸರ ಮಾಡ್ಕಬ್ಯಾಡಿ. ಏನ್ ಬೇಕಾದ್ರೂ ಆಯ್ತೀನಿ ಅಂದೋರ್ನ ನಾನು ಮನೇಲೇ ಕಂಡಿವ್ನಿ. ಅಗೋ, ನಮ್ ಭಾವಮೈದ."

ತಿರುಗಿ ನೋಡಿದೆವು. ಮನೆಯ ಜಗಲಿಯ ಮೇಲೆ ಒಬ್ಬರು ಉದ್ದಕ್ಕೆ ಮಲಗಿದ್ದರು. ಮಲಗಿದ್ದಲ್ಲಿಂದಲೇ ಕೈಯೆತ್ತಿ ನಮಸ್ಕಾರ ಮಾಡಿ, "ನಾನೂ ಲೆಕ್ಕದಲ್ಲಿ ಬಲು ಚುರುಕಿದ್ದೆ ಸಾ" ಎಂದರು.

ಪಟ್ಟಾಪಟ್ಟಿ

ಕೊನೆಯ ದಿನ ಬಂತು. ಸಂಜೆ ಐದಕ್ಕೆ ಕಚೇರಿ ಬಾಗಿಲು ಹಾಕುತ್ತಾರೆ. ಹದಿನಾಲ್ಕು ಜನ ಸೇರಿಯಾಗಿತ್ತು. ಹದಿನೈದನೆಯವಳು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಹುಡುಗಿ. ನಾವು ಹುಡುಕಿಕೊಂಡು ಹೋದದ್ದಲ್ಲ, ಅವಳೇ ಫೋನ್ ಮಾಡಿ "ಮೇಡಂ, ನನಗೊಂದು ಸೀಟು ಇಟ್ಟಿರಿ" ಎಂದಿದ್ದಳು. ಅಂಕಪಟ್ಟಿ ಹಿಡಿದುಕೊಂಡು ಕಚೇರಿಗೆ ಖುದ್ದಾಗಿ ಬಂದು, ಅಲ್ಲಿರುವ ದಾಖಲೆ ಪುಸ್ತಕದಲ್ಲಿ ಹೆಡ್ಡಿನ ಎದುರು ಸಹಿ ಮಾಡಿದರೆ ಮುಗಿಯಿತು, ತರಗತಿ ಉಳಿಯಿತು.

ಅಂದೇ ಮಾಗಡಿಯ ಹುಡುಗನ ತಂದೆಯೂ ಬರುವವರು. ಹಾಗಾಗಿ ಹಿಂದಿನ ದಿನವೇ ಹೆಡ್ಡಿಗೆ ತಾಕೀತು ಮಾಡಿದ್ದೆ: "ಸಾರ್, ನಾಳೆ ಸುಣ್ಣ ಹತ್ತಿದ ಅಂಗಿ ಬೇಡ. ನಿಮ್ಮನ್ನು ನೋಡಿದರೆ ಮಗ ಹೀಗಾಗಬೇಕು ಅಂತ ಅವರಿಗೆ ಅನ್ನಿಸಬೇಕು." ಅವರು ಹೊಸ ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮಗಳ ಸೆಂಟು ಹೊಡೆದುಕೊಂಡು ಮದುಮಗನ ಹಾಗೆ ಬಂದಿದ್ದರು.

ಬೆಳಿಗ್ಗೆಯೇ ಅಕ್ಕೂರಿನ ಹುಡುಗಿಯ ಫೋನು. ಅಳುತ್ತಿದ್ದಳು. "ಮೇಡಂ, ಹುಳ ಹಣ್ಣಾಗ್ಬುಟ್ಟವೆ. ಬರಕ್ಕಾಗಲ್ಲ."

ರೇಷ್ಮೆ ಸಾಕದವರಿಗೆ ಇದರ ಕಷ್ಟ ಗೊತ್ತಾಗುವುದಿಲ್ಲ. ಹುಳ ಮೇವು ಬಿಟ್ಟು ಮೈ ಹಳದಿಯಾಗಿ ನೂಲು ಬಿಡಲು ಶುರು ಮಾಡಿದರೆ ಅದನ್ನು ಹಣ್ಣಾಯಿತು ಎನ್ನುತ್ತಾರೆ. ಆವತ್ತೇ ಒಂದೊಂದನ್ನೂ ಕೈಯಿಂದ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಬೆಳೆ ಹಾಳು. ಅಂಥ ದಿನ ಮನೆಯಿಂದ ಒಂದು ನರಪಿಳ್ಳೆ ಹೊರಗೆ ಹೋಗುವ ಹಾಗಿಲ್ಲ. ಕೂಲಿಗೆ ಕರೆಯೋಣವೆಂದರೆ ಊರಿಗೆಲ್ಲ ಮರಿ ಹುಳ ಬಂದದ್ದು ಒಂದೇ ದಿನ, ಹಾಗಾಗಿ ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣು. ಯಾರೂ ಸಿಗುವುದಿಲ್ಲ.

ನಾನು ಹೆಡ್ಡಿಗೆ ವಿಷಯ ಹೇಳಿದೆ. ಎಷ್ಟು ತಿರುಗಿದ್ದೆವು! ಹುಳದ ಕೈಯಲ್ಲಿ ಸೋಲುವುದೇ?

ಹೆಡ್ಡು ಎದ್ದು ನಿಂತರು. "ಮೇಡಂ, ಮುಯ್ಯಾಳು ಅಂತಾರಲ್ಲ, ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ನಾವಿಬ್ಬರೂ ಅವಳ ಮನೆಗೆ ಮುಯ್ಯಾಳು ಹೋಗೋಣ. ಅವಳು ನಮ್ಮ ಕಾಲೇಜಿಗೆ ಬರಲಿ. ಕಾರು ಹತ್ತಿ."

ಅಕ್ಕೂರಿನ ಹುಳದ ಮನೆ ಬಾಗಿಲಲ್ಲಿ ಹುಡುಗಿಯ ಅಜ್ಜಿ ನಿಂತಿದ್ದರು. ನಾವು ಬಂದ ಕಾರಣ ಕೇಳಿ ಸಂತೋಷಪಟ್ಟರು. ಹತ್ತಿರ ಬಂದರು. ಮೂಗು ಅರಳಿಸಿದರು. ಎರಡು ಹೆಜ್ಜೆ ಹಿಂದೆ ಹೋದರು.

"ಸಾ, ಸೆಂಟ್ ಹಾಕಿದ್ದೀರಾ? ಈ ವಾಸ್ನೆ ತಕ್ಕಂಡ್ ಒಳಕ್ ಬಂದ್ರೆ ನನ್ ಹುಳ ಏನಾಯ್ತವೆ! ಮೊದ್ಲು ಹೋಗಿ ಮೈ ತೊಳ್ಕಬನ್ನಿ."

ನನಗೂ ಬಿಡಲಿಲ್ಲ. ತಲೆಯ ಮಲ್ಲಿಗೆ ತೆಗೆಸಿ, ಪೌಡರು ಹೋಗುವ ಹಾಗೆ ಮುಖ ತೊಳೆಸಿದರು. ಹೆಡ್ಡು ಬಚ್ಚಲಿನಿಂದ ಹೊರಬಂದಾಗ ಮೈಮೇಲೆ ಹುಡುಗಿಯ ಅಪ್ಪನ ಬನಿಯನ್ನು, ಮೊಣಕಾಲ ತನಕ ಪಟ್ಟಾಪಟ್ಟಿ ಚಡ್ಡಿ. ಎಂಎಸ್ಸಿಯಲ್ಲಿ ಅವರನ್ನು ನೋಡಿ ನಡುಗುತ್ತಿದ್ದವಳು ನಾನು. ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡೆ.

ಒಳಗೆ ತಟ್ಟೆಗಳ ತುಂಬ ಹುಳ. ಹೆಡ್ಡು ಬಗ್ಗಿ ನೋಡಿದರು. "ಅಜ್ಜೀ, ಹಣ್ಣಾದ ಹುಳ ಅಂದರೆ... ಒಂದು ವ್ಯಾಖ್ಯೆ ಕೊಟ್ಟರೆ..."

"ಯಾಕ್ಯೆ ಗೀಕ್ಯೆ ಆಮ್ಯಾಕೆ ಸಾ. ನಿಂತ್ಕಂಡ್ ಮಾತಾಡ್ತಿದ್ರೆ ತಟ್ಟೇಲೇ ಗೂಡ್ ಕಟ್ಬುಡ್ತವೆ. ಎತ್ತಿ!"

ಎತ್ತಿದರು. ಮೊದಲನೆಯ ಹುಳ ಬೆರಳಿಗೆ ತಾಗಿದಾಗ ಕಿಟಾರನೆ ಕಿರುಚಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಅಭ್ಯಾಸವಾಯಿತು. ಅಜ್ಜಿ, ಹುಡುಗಿಯ ಅಪ್ಪ, ಅಮ್ಮ, ಹುಡುಗಿ, ನಾವಿಬ್ಬರು, ತಲೆ ಎತ್ತದೆ ಆರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಹೆಡ್ಡು ಕೂಗಿದರು. ಹಾವು ಬಂತೇನೋ ಎಂದು ಎಲ್ಲರೂ ಓಡಿದೆವು. ಅವರು ಚಂದ್ರಿಕೆಗೆ ಮೂಗು ತಾಗಿಸಿಕೊಂಡು ನಿಂತಿದ್ದರು.

"ಮೇಡಂ, ನೋಡಿ! ಈ ಹುಳ ತಲೆ ಆಡಿಸೋದು ನೋಡಿ! ಇಂಗ್ಲಿಷ್ ಎಂಟರ ಆಕಾರ! ನೂಲನ್ನ ಎಂಟರ ಆಕಾರದಲ್ಲಿ ಹಾಕ್ತಾ ಇದೆ! ನಾನು ಎಷ್ಟು ವರ್ಷದಿಂದ ಬೋರ್ಡ್ ಮೇಲೆ ಬರೀತಾ ಇದ್ದೀನಿ ಈ ವಕ್ರರೇಖೆನ!"

ಹುಡುಗಿ ಮೆಲ್ಲಗೆ ಹೇಳಿದಳು. "ಸಾರ್, ನಾನು ಚಿಕ್ಕವಳಿದ್ದಾಗಿಂದ ಅದನ್ನ ನೋಡ್ತಾ ಕೂರ್ತಿದ್ದೆ. ಡಿಗ್ರೀಲಿ ಆ ಆಕಾರಕ್ಕೊಂದು ಸಮೀಕರಣ ಇದೆ ಅಂತ ಗೊತ್ತಾದಾಗ ಅವತ್ತೆಲ್ಲಾ ನಿದ್ದೆ ಬರ್ಲಿಲ್ಲ. ಅದಕ್ಕೇ ಎಂಎಸ್ಸಿ ಸೇರಬೇಕು ಅಂತ."

ಹೆಡ್ಡು ಆರಿಸುವುದನ್ನೂ ಬಿಟ್ಟು ಅವಳ ಕಡೆ ತಿರುಗಿದರು. ಇಂಥ ಹುಡುಗಿಗೆ ತರಗತಿ ಇಲ್ಲ ಎಂದು ಹೇಗೆ ಹೇಳುವುದು?

ಅಜ್ಜಿ ಮಾತ್ರ ಕೈ ನಿಲ್ಲಿಸದೆ, "ಹಂಗಾದ್ರೆ ನಮ್ ಹುಳಾನೂ ಎಮ್ಮೆಸ್ಸಿ ಅನ್ನಿ. ಬಿರ್‌ಬಿರ್ನೆ ಎತ್ತಿ" ಎಂದರು.

ಕೊನೆಯ ಚಂದ್ರಿಕೆ ತುಂಬುವಾಗ ನಾಲ್ಕು ಗಂಟೆ ದಾಟಿತ್ತು. ಹುಡುಗಿ ಅಂಕಪಟ್ಟಿ ತೆಗೆದುಕೊಂಡು ಓಡಿ ಬಂದಳು. ಹೆಡ್ಡು, "ಅಜ್ಜೀ, ನನ್ನ ಪ್ಯಾಂಟು?" ಎಂದರು.

"ಆ ವಾಸ್ನೆ ಹೋಗ್ಲಿ ಅಂತ ಸೋಪ್‌ನೀರಲ್ಲಿ ನೆನೆ ಹಾಕ್ಬುಟ್ಟಿವ್ನಿ ಸಾ. ಅಂಗೀನೂವೆ."

ಸಮಯವಿರಲಿಲ್ಲ. ಕಾರು ಹೊರಟಿತು.

ಕಾಲೇಜಿನ ಕಚೇರಿಯಲ್ಲಿ ಮಾಗಡಿಯ ತಂದೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿದ್ದರು. ಮಧ್ಯಾಹ್ನದಿಂದ ಕಾದು ಸಾಕಾಗಿತ್ತು. "ಕೊನೇ ದಿನಾನೇ ಹೆಡ್ಡು ಇಲ್ದಿರೋ ಕಾಲೇಜು ಎಂತದ್ದು? ನಮ್ ಹೈದನ್ ಪೇಪರ್ ವಾಪಸ್ ಕೊಡಿ" ಎನ್ನುತ್ತಿದ್ದರು. ಗುಮಾಸ್ತರು ಪೇಪರು ಹೊರಗೆ ತೆಗೆದೇ ಬಿಟ್ಟಿದ್ದರು. ಪ್ರಿನ್ಸಿಪಾಲರು ಗಡಿಯಾರ ನೋಡುತ್ತಿದ್ದರು.

ಆಗ ಬಾಗಿಲು ತಳ್ಳಿಕೊಂಡು ನಮ್ಮ ಹೆಡ್ಡಿನ ಪ್ರವೇಶವಾಯಿತು. ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ, ಕೆದರಿದ ತಲೆ, ಹೆಗಲ ಮೇಲೆ ಒಂದು ಹುಳ.

ಪ್ರಿನ್ಸಿಪಾಲರು ಫೈಲಿನಿಂದ ಮುಖ ಮುಚ್ಚಿಕೊಂಡರು. ತಂದೆ ಮೇಲಿಂದ ಕೆಳಗೆ ನೋಡಿದರು, ಕೆಳಗಿಂದ ಮೇಲೆ ನೋಡಿದರು. ಲೆಕ್ಕ ಓದಿದರೆ ಏನಾಗುತ್ತಾರೆ ಎಂಬ ಅವರ ಪ್ರಶ್ನೆಗೆ ಉತ್ತರ ಎದುರಿಗೇ ನಿಂತಿತ್ತು. ಮುಗಿಯಿತು ಅಂದುಕೊಂಡೆ. ಹುಡುಗಿ ಬಂದರೂ ಹುಡುಗ ಹೋದರೆ ಮತ್ತೆ ಹದಿನಾಲ್ಕೇ.

"ಇದೇನ್ ಸಾ ವೇಷ?" ಎಂದರು ತಂದೆ.

ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ಹೆಡ್ಡು ಏದುಸಿರು ಬಿಡುತ್ತಾ, "ಯಜಮಾನ್ರೇ, ಈ ಹುಡುಗಿ ಮನೇಲಿ ಹುಳ ಹಣ್ಣಾಗಿತ್ತು, ಮುಯ್ಯಾಳು ಹೋಗಿದ್ವಿ. ಅದು ಬಿಡಿ, ಹುಳ ಎಂಟರ ಆಕಾರದಲ್ಲಿ ನೂಲು ಬಿಡುತ್ತೆ, ಗೊತ್ತಾ ನಿಮಗೆ?" ಎಂದು ಗಾಳಿಯಲ್ಲಿ ಬೆರಳಾಡಿಸಿ ಎಂಟು ಬರೆದರು.

ತಂದೆ ಎದ್ದು ಬಂದು ಅವರ ಹೆಗಲಿನ ಹುಳವನ್ನು ಎರಡು ಬೆರಳಲ್ಲಿ ಹೂವಿನಂತೆ ಎತ್ತಿಕೊಂಡರು, ಬೆಳಕಿಗೆ ಹಿಡಿದು ನೋಡಿದರು. "ಹಣ್ಣಾಗೈತೆ. ಸರ್ಯಾಗೇ ಆರ್ಸಿದ್ದೀರಿ" ಎಂದರು. ಆಮೇಲೆ ಗುಮಾಸ್ತರ ಕಡೆ ತಿರುಗಿ, "ಆ ಪೇಪರ್ ಒಳಗೇ ಮಡಗಿ. ಒಂದ್ ಹೆಣ್‌ಮಗೀಗೋಸ್ಕರ ಚಡ್ಡೀಲಿ ಓಡ್ಬಂದ ಮೇಷ್ಟ್ರು ನಮ್ ಹೈದನ್ನ ನಡುನೀರಲ್ಲಿ ಬುಡಾಕಿಲ್ಲ" ಎಂದರು.

ಹುಡುಗಿ ಸಹಿ ಮಾಡಿದಳು. ಹೆಡ್ಡು ಸಹಿ ಮಾಡಿದರು. ಹದಿನೈದು! ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಗುಮಾಸ್ತರ ಕೈಯನ್ನು ಹಿಡಿದು ಕುಲುಕಿದ್ದೇ ಕುಲುಕಿದ್ದು. ಪ್ರಿನ್ಸಿಪಾಲರು ಫೈಲು ಇಳಿಸಿ, "ತರಗತಿ ಶುರು ಮಾಡಿ. ಆದರೆ ಪ್ಯಾಂಟು ಹಾಕ್ಕೊಂಡು ಮಾಡಿ" ಎಂದರು.

ಮಾಗಡಿಯ ತಂದೆ ಹುಳವನ್ನು ಟವೆಲ್ಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಹೊರಟರು. ಬಾಗಿಲ ತನಕ ಹೋದವರು ನಿಂತು ತಿರುಗಿದರು.

"ಸಾ, ನಮ್ಮನೇಲೂ ಬರೋ ವಾರ ಹಣ್ಣಾಯ್ತವೆ. ನಮ್ ಭಾವಮೈದ ಜಗ್ಲಿ ಬುಟ್ಟು ಏಳಾಕಿಲ್ಲ. ನೀವು ಎಷ್ಟೊತ್ಗೆ ಬತ್ತೀರಿ?"

ಹೆಡ್ಡು ಜೀವಮಾನದಲ್ಲಿ ಮೊದಲ ಸಲ ವ್ಯಾಖ್ಯೆ ಕೇಳಲಿಲ್ಲ. ಒಮ್ಮೆ ತಮ್ಮ ಚಡ್ಡಿಯನ್ನು ನೋಡಿಕೊಂಡರು, ಒಮ್ಮೆ ನನ್ನನ್ನು ನೋಡಿದರು.

"ಮೇಡಂ, ಅಕ್ಕೂರಿನ ಅಜ್ಜಿಗೆ ಒಂದು ಫೋನ್ ಮಾಡಿ. ಇದು ಇನ್ನೊಂದು ವಾರ ನನ್ನ ಹತ್ತಿರವೇ ಇರಲಿ ಅಂತ ಹೇಳಿ."